ಗಾಡಿಗೆ ದಮ್ಮು

ದನದ ಡಾಕ್ಟರ ಫೋನು ಬಡಿದುಕೊಂಡಿತು ಅಂದರೆ ಎಲ್ಲೋ ಒಂದು ಎಮ್ಮೆಗೆ ಹೊಟ್ಟೆ ಉಬ್ಬರಿಸಿರಬೇಕು, ಇಲ್ಲ ಕುರಿಗೆ ಕೆಮ್ಮು ಹತ್ತಿರಬೇಕು. ನನಗೆ ಹಾಗಲ್ಲ. "ಡಾಕ್ಟ್ರಮ್ಮಾರ, ಗಾಡಿ ಹೆಂಗೈತ್ರಿ?" ಅಂತಲೇ ಮಾತು ಶುರು. ಎಮ್ಮೆಯ ವಿಷಯ ಆಮೇಲೆ ಬರುತ್ತದೆ, ಬಂದರೆ. ಇಂಥವು ನನಗೇ ಯಾಕೆ ಆಗುತ್ತವೆ ಅಂತ ಕೇಳಬೇಡಿ. ಕಾನಹೊಸಹಳ್ಳಿಯ ದನದ ಆಸ್ಪತ್ರೆಗೆ ಬಂದಾಗಿನಿಂದ ಆಗುತ್ತಲೇ ಇವೆ.

ಎಲ್ಲಕ್ಕೂ ಕಾರಣ ನನ್ನ ಬೈಕು. ಮುಂದಕ್ಕೆ ಬಗ್ಗಿ ಕೂತು ಓಡಿಸುವ, ಹಿಂದಿನ ಸೀಟು ಅಟ್ಟದಷ್ಟು ಎತ್ತರ ಇರುವ ಸ್ಪೋರ್ಟ್ಸ್ ಬೈಕು. ಹೆಣ್ಣುಮಗಳು, ಅದರಲ್ಲೂ ದನದ ಡಾಕ್ಟರು, ಚಂದಾಗಿ ಒಂದು ಸ್ಕೂಟರ್ ತಗೋಬಾರದಿತ್ತಾ ಅಂತ ಎಲ್ಲರೂ ಕೇಳಿದರು. ತಗೋಬಹುದಿತ್ತು. ಮನಸ್ಸು ಇದರ ಮೇಲೆ ಬಿತ್ತು, ತಗೊಂಡೆ. ಕೊಂಡ ಮೇಲೆ ಎಲ್ಲ ಸರಿಯಾಗಿಯೇ ಇತ್ತು, ಏರ್ ಫಿಲ್ಟರಿನ ಉಸಾಬರಿಗೆ ಹೋಗುವವರೆಗೆ.

ಕೋಳಿಗಳ ಪಾಲು

ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಗಾಡಿ ಏರು ಬಂದರೆ ಸಾಕು, ಮುಕ್ಕರಿಯತೊಡಗಿತು. ಕೂಡ್ಲಿಗಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಸೀಟು ಬಿಚ್ಚಿ, ಅದರ ಕೆಳಗಿನ ಕರಿ ಡಬ್ಬಿ ತೆಗೆದು, ಒಳಗಿನಿಂದ ಏರ್ ಫಿಲ್ಟರನ್ನು ಎತ್ತಿ ಬಿಸಿಲಿಗೆ ಹಿಡಿದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನು ಪೆಟ್ರೋಲನ್ನಷ್ಟೇ ಕುಡಿಯುವುದಿಲ್ಲ, ನಮ್ಮ ಹಾಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ಧೂಳು ಒಳಗೆ ಹೋಗದಂತೆ ತಡೆಯುವುದು ಫಿಲ್ಟರ್. ಮೂಗಿನೊಳಗಿನ ಕೂದಲಿನ ಕೆಲಸ ಅಂದುಕೊಳ್ಳಿ. ನನ್ನ ಗಾಡಿಯದು ಮಡಿಕೆ ಮಡಿಕೆ ಕಾಗದದ್ದು. ಆ ಮಡಿಕೆಗಳ ಸಂದಿಯಲ್ಲಿ ಕೆಂಪು ಮಣ್ಣು, ಸಜ್ಜೆಯ ಹೊಟ್ಟು, ಒಂದಿಷ್ಟು ನವಣೆ ಕಾಳು, ಒಣಗಿದ ಒಂದು ಮಿಡತೆ. ನಮ್ಮ ಕಡೆ ಕಣ ಅಂದರೆ ಡಾಂಬರು ರಸ್ತೆಯೇ ಅಲ್ಲವೇ. ತೆನೆ ಹರವಿ ಕೂತಿರುತ್ತಾರೆ, ಬಂದ ಗಾಡಿಗಳೆಲ್ಲ ತುಳಿದುಕೊಂಡು ಹೋಗಬೇಕು. ನನ್ನ ಗಾಡಿ ತುಳಿಯುತ್ತಾ ತುಳಿಯುತ್ತಾ ಅಷ್ಟಿಷ್ಟು ತಿಂದೂ ಬಿಟ್ಟಿತ್ತು.

ಮೆಕ್ಯಾನಿಕ್ ಫಿಲ್ಟರನ್ನು ಕಲ್ಲಿಗೆ ಕುಟ್ಟಿದ. ಪಕ್ಕದ ಮನೆಯ ಕೋಳಿಗಳು ಓಡಿ ಬಂದು ಆರಿಸಿ ತಿನ್ನತೊಡಗಿದವು.

"ನೋಡ್ರಿ ಮೇಡಮ್ಮಾರ, ನಿಮ್ಮ ಗಾಡಿ ರೈತರ ಹತ್ರ ಪಾಲು ಇಸ್ಕೊಂಡು ಬಂದೈತಿ" ಅಂದ. ಆಮೇಲೆ ದನಿ ತಗ್ಗಿಸಿ, "ಕಂಪನೀದ ಇಂಥದ ಹೊಸಾದು ಹಾಕ್ಸಿದ್ರ ಮತ್ತ ಇದ ಕತಿ. ಪರ್ಫಾರ್ಮೆನ್ಸ್ ಫಿಲ್ಟರ್ ಅಂತ ಬರ್ತಾವ್ರಿ. ತೊಳದು ತೊಳದು ಹಾಕಬಹುದು. ಗಾಳಿ ಜಾಸ್ತಿ ಎಳೀತೈತಿ. ಪಿಕಪ್ ಅಂದ್ರ ಪಿಕಪ್!"

ನನಗೆ ಕುತೂಹಲ ಹುಟ್ಟಿತು. "ಎಷ್ಟು ಪಿಕಪ್ ಹೆಚ್ಚಾಗ್ತೈತಿ?"

"ಅದು ಬಾಯಾಗ ಹೇಳೂದಲ್ರಿ. ಓಡಿಸಿ ಅನುಭವಿಸಬೇಕು."

"ನೀವು ಅನುಭವಿಸೀರೇನು?"

"ನಾನೆಲ್ಲಿ ಅನುಭವಿಸ್ಲಿ, ನಂದು ಸೈಕಲ್ರಿ" ಅಂದ. "ಅದಕ್ಕ ಫಿಲ್ಟರ್ ಅಂದ್ರ ಇದ, ನನ್ನ ಮೂಗ."

ಗಂಡನಿಗೆ ಬಂದ ರೋಗ

ನಮ್ಮ ಮನೆ ಕೊಟ್ಟೂರಿನಲ್ಲಿ. ನನ್ನ ಗಂಡ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಬೈಕಿನ ಹಿಂದೆ ಕೂರಲು ಹೆದರುವ ಮನುಷ್ಯ, ಆದರೆ ಬೈಕಿನ ಬಗ್ಗೆ ತಿಳಿದುಕೊಳ್ಳಲು ಹೆದರುವುದಿಲ್ಲ. ಫಿಲ್ಟರ್ ಕೊಳ್ಳಲು ಹೊರಟಾಗ ತಾನೂ ಬರುತ್ತೇನೆ ಅಂದ. ಬಂದದ್ದು ನಡೆದುಕೊಂಡು.

ಅಂಗಡಿಯವನು ನನ್ನನ್ನು ನೋಡಲೇ ಇಲ್ಲ. "ಬರ್ರಿ ಸರ್, ಯಾವ ಗಾಡಿ ಸರ್ ನಿಮ್ದು?" ಅಂತ ಇವನನ್ನೇ ಹಿಡಿದ. ಇವನು ನನ್ನ ಕಡೆ ಕೈ ತೋರಿಸಿದ. ಅಂಗಡಿಯವನು ನಕ್ಕು, "ಮನಿಯವರನ್ನ ಕೇಳಿ ತಗೊಳೋದು ಚಲೋದ ಬಿಡ್ರಿ" ಅಂದು ಮತ್ತೆ ಇವನ ಮುಂದೆಯೇ ಡಬ್ಬಿಗಳನ್ನು ಜೋಡಿಸಿದ. ಒಂದು ಹಸಿರು ಸ್ಪಂಜಿನದು. ಒಂದು ಕೆಂಪು ಹತ್ತಿ ಬಟ್ಟೆಯದು, ಮೇಲೆ ತಂತಿ ಜಾಲರಿ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದೆ.

"ಕೆಂಪಂದು ಭಾಳ ಹೋಗ್ತೈತ್ರಿ. ನೋಡಾಕ ಚಂದ ಐತಿ."

"ಸೀಟಿನ ಕೆಳಗೆ ಡಬ್ಬ್ಯಾಗ ಇರ್ತೈತಲ್ರಿ, ಅದನ್ನ ಯಾರು ನೋಡ್ತಾರ?"

"ಮೆಕ್ಯಾನಿಕ್ ನೋಡ್ತಾನಲ್ರಿ!"

ಗಣಿತದ ಮೇಷ್ಟ್ರಿಗೆ ಈ ಉತ್ತರ ಸಾಲಲಿಲ್ಲ. "ಗಾಳಿ ಯಾವುದರಲ್ಲಿ ಸಲೀಸಾಗಿ ಹೋಗುತ್ತೆ ಅನ್ನೋದೇ ತಾನೇ ಪ್ರಶ್ನೆ? ಅದನ್ನ ಇಲ್ಲೇ ನೋಡಬಹುದು" ಅಂದವನೇ ಕೆಂಪು ಫಿಲ್ಟರನ್ನು ಬಾಯಿಗೆ ಒತ್ತಿಕೊಂಡು ಜೋರಾಗಿ ಉಸಿರೆಳೆದ. ಬಿಟ್ಟ. ಹಸಿರನ್ನು ಒತ್ತಿಕೊಂಡು ಎಳೆದ. ಬಿಟ್ಟ. ಹೋಲಿಸಿ ನೋಡಲು ನಮ್ಮ ಹಳೆಯ ಕಾಗದದ್ದನ್ನೂ ತಂದಿದ್ದ. ಅದನ್ನು ಒತ್ತಿಕೊಂಡು ಎಳೆದ ಕೂಡಲೇ ಉಳಿದ ಧೂಳೆಲ್ಲ ಗಂಟಲಿಗೆ ಹೋಗಿ ಕೆಮ್ಮು ಹತ್ತಿಕೊಂಡಿತು. ಕಣ್ಣಲ್ಲಿ ನೀರು, ಮುಖ ಕೆಂಪಗೆ. ಅಷ್ಟಾದರೂ ಬಿಡದೆ, ಕೆಮ್ಮುತ್ತಲೇ ಮತ್ತೆ ಕೆಂಪು ಫಿಲ್ಟರಿಗೆ ಬಾಯಿ ಇಟ್ಟ. ಒಂದು ಸಲದ ಫಲಿತಾಂಶವನ್ನು ನಂಬಬಾರದಂತೆ.

ಅಂಗಡಿಯ ಮುಂದೆ ನಾಲ್ಕು ಜನ ನಿಂತರು. ತರಕಾರಿ ಚೀಲ ಹಿಡಿದಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ ನನ್ನ ಹತ್ತಿರ ಬಂದು ಮೊಣಕೈ ಹಿಡಿದಳು.

"ನಿನ್ನ ಗಂಡನೇನವ?"

"ಹೌದಜ್ಜಿ."

"ಪಾಪ, ಇಷ್ಟು ಸಣ್ಣ ವಯಸ್ಸಿಗೆ ದಮ್ಮು. ಹಡಗಲಿ ಕಡಿ ಒಬ್ಬರು ಔಷಧ ಕೊಡ್ತಾರ, ಕರ್ಕೊಂಡು ಹೋಗು. ಈ ಮಷಿನ್ನು ಗಿಷಿನ್ನು ನಂಬಬ್ಯಾಡ. ನಮ್ಮ ಯಜಮಾನ್ರಿಗೂ ಇಂಥದ್ದು ಕೊಟ್ಟಿದ್ರು, ಅದು ಇಷ್ಟು ಕೆಂಪಗೆ ಇರ್ಲಿಲ್ಲ."

ಎಣ್ಣೆ ಹಚ್ಚಿದ್ದು ಯಾರು

ಗಂಡನ ಶ್ವಾಸಕೋಶ ಕೊಟ್ಟ ತೀರ್ಪಿನ ಪ್ರಕಾರ ಕೆಂಪು ಫಿಲ್ಟರನ್ನೇ ತಂದೆವು. ಮೆಕ್ಯಾನಿಕ್ ಹಾಕಿಕೊಟ್ಟ. ಗಾಡಿ ಹಗುರಾಗಿ ಓಡಿತು, ಅಥವಾ ಕೊಂಡ ಖುಷಿಗೆ ನನಗೆ ಹಾಗನ್ನಿಸಿತು. ಕೆಲವು ವಾರ ಆದ ಮೇಲೆ ಅದನ್ನು ತೊಳೆಯಬೇಕಾಯಿತು. ಹತ್ತಿಯ ಫಿಲ್ಟರನ್ನು ತೊಳೆದು ಒಣಗಿಸಿದ ಮೇಲೆ ತೆಳ್ಳಗೆ ಎಣ್ಣೆ ಹಾಕಬೇಕು. ಸಣ್ಣ ಧೂಳು ಆ ಎಣ್ಣೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಅಂತ ಬೇರೆ ಎಣ್ಣೆ ಬರುತ್ತದೆ. ಅದು ಅಂಗಡಿಯಲ್ಲಿ ಮುಗಿದಿತ್ತು.

ಫಿಲ್ಟರನ್ನು ಕಾಂಪೌಂಡಿನ ಮೇಲೆ ಒಣಗಲಿಟ್ಟು ಗಂಡನಿಗೆ, "ಎಣ್ಣೆ ಹಾಕೋದು ಬಾಕಿ ಇದೆ, ಮರೀಬೇಡ" ಅಂದೆ. ಅವನು ಮರೆಯದಿರಲು ಅವರಮ್ಮನಿಗೆ ಹೇಳಿದ. ನಮ್ಮ ಅತ್ತೆ ಕೇಳಿಸಿಕೊಂಡದ್ದು "ಎಣ್ಣೆ ಹಾಕೋದು ಬಾಕಿ ಇದೆ" ಅನ್ನುವಷ್ಟನ್ನೇ. ಮರುದಿನ ನೋಡಿದರೆ ಫಿಲ್ಟರ್ ಮಿರಮಿರ ಮಿಂಚುತ್ತಿತ್ತು. ಅಂಗಡಿಯಿಂದ ಎಣ್ಣೆ ಬಂತು, ಗಂಡ ಹಾಕಿದ ಅಂದುಕೊಂಡು ನಾನೇ ಕೂರಿಸಿದೆ.

ಅವತ್ತು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುವುದಿತ್ತು. ಅಲ್ಲಿಯ ಡಾಕ್ಟರು ರಜೆಯಲ್ಲಿದ್ದರು, ನನಗೇ ಚಾರ್ಜು. ಹೊರಟ ಸ್ವಲ್ಪ ಹೊತ್ತಿಗೆ ಎಂಜಿನ್ನು ಕಾದಂತೆ ಘಮ್ಮಂತ ಮಿರ್ಚಿ ಬಜ್ಜಿಯ ವಾಸನೆ. ಯಾರೋ ದಾರಿಬದಿ ಬಂಡಿಯಲ್ಲಿ ಕರಿಯುತ್ತಿರಬೇಕು ಅಂದುಕೊಂಡೆ. ಊರು ದಾಟಿತು, ಹೊಲ ಬಂತು, ಗುಡ್ಡ ಬಂತು, ಮಿರ್ಚಿ ಬಂಡಿ ಮಾತ್ರ ನನ್ನ ಜೊತೆಗೇ ಬರುತ್ತಿತ್ತು. ಬೆಳಿಗ್ಗೆ ತಿಂಡಿ ತಿಂದಿದ್ದರೂ ಹೊಟ್ಟೆ ಚುರ್ರೆಂದಿತು.

ಕುರಿ ಹಟ್ಟಿಯ ಮುಂದೆ ಗಾಡಿ ನಿಲ್ಲಿಸಿದೆ. ಮೊದಲು ಬಂದವು ನಾಯಿಗಳು. ಬೊಗಳಲಿಲ್ಲ, ಗಾಡಿಯ ಸುತ್ತ ಬಾಲ ಅಲ್ಲಾಡಿಸುತ್ತಾ ಕೂತವು. ಆಮೇಲೆ ಕುರಿ ಮಾಲೀಕ ಮೂಗು ಅರಳಿಸುತ್ತಾ ಬಂದ.

"ಬರ್ರಿ ಡಾಕ್ಟ್ರಮ್ಮಾರ. ಏನು ತಂದೀರಿ?"

"ಲಸಿಕೆ."

"ಅದಲ್ರಿ. ಬಿಸಿಬಿಸೀದು ಏನೋ ತಂದೀರಿ."

"ಏನೂ ಇಲ್ಲಪ್ಪ."

ಅವನು ನಂಬಲಿಲ್ಲ. ನಾನು ಕೈ ತೊಳೆಯಲು ಹೋದಾಗ ಅವನ ತಮ್ಮ ಸುಮ್ಮನೆ ನನ್ನ ಲಸಿಕೆಯ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳಕ್ಕೆ ಮೂಗು ಹಚ್ಚಿದ. ನಾನು, "ಏಯ್, ತೆಗೀಬ್ಯಾಡಪ್ಪ, ಲಸಿಕೆ ಕೆಡ್ತೈತಿ!" ಅಂತ ಕೂಗಿದೆ. ಅವನಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. "ಅಣ್ಣ, ಇದರಾಗ ಐತಿ ನೋಡು, ಅದಕ್ಕ ಬ್ಯಾಡ ಅಂತಾರ" ಅಂದ.

ಕುರಿ ಮಾಲೀಕನ ಹೆಂಡತಿ ಒಳಗಿನಿಂದ ಬಂದು ಇಬ್ಬರಿಗೂ ಬೈದಳು. "ಬುದ್ಧಿ ಐತೇನ್ರಲೇ ನಿಮಗ? ಐಸ್ ಪೆಟಗ್ಯಾಗ ಯಾರರ ಮಿರ್ಚಿ ಇಡ್ತಾರೇನು, ತಣ್ಣಗಾಗಂಗಿಲ್ಲ? ಅಕಿ ಗಾಡಿ ಡಬ್ಬ್ಯಾಗ ಇಟ್ಟಾಳ, ಅಲ್ಲಿ ನೋಡ್ರಿ!"

ಲಸಿಕೆ ಉಳಿಯಿತು. ಸಂಜೆ ಮನೆಗೆ ಬಂದು ಅತ್ತೆಯನ್ನು ಕೇಳಿದೆ. "ಹೊಸ ಎಣ್ಣಿ ಯಾಕ ಹಾಳು ಮಾಡ್ಬೇಕು ಅಂತ, ಮೊನ್ನಿ ಮಿರ್ಚಿ ಕರದಿದ್ದು ಉಳಿದಿತ್ತು, ಅದನ್ನ ಹಚ್ಚಿದೆ" ಅಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಯಾಕವ, ಖಾರ ಆತೇನು?"

ಹೋಳಿಗೆಯ ಲೆಕ್ಕ

ಎಷ್ಟು ಸೋಪು ಹಾಕಿ ತೊಳೆದರೂ ಆ ಫಿಲ್ಟರಿನ ವಾಸನೆ ಹೋಗಲಿಲ್ಲ. ರಜೆಗೆ ತವರುಮನೆಗೆ, ಹರಪನಹಳ್ಳಿಗೆ ಹೋದಾಗ ನನ್ನ ತಮ್ಮ ಅದನ್ನು ಮೂಸಿ ನೋಡಿ ಬಿದ್ದು ಬಿದ್ದು ನಕ್ಕ. ಅವನಿಗೆ ಬೈಕಿನ ಹುಚ್ಚು ನನಗಿಂತ ಹೆಚ್ಚು.

"ಅಕ್ಕ, ಇದನ್ನ ಬಿಸಾಕು. ಕೋನ್ ಫಿಲ್ಟರ್ ಹಾಕಣ. ಡಬ್ಬಿನೇ ಬೇಡ, ಎಂಜಿನ್ ಬಾಯಿಗೆ ಸೀದಾ ಕೂರಿಸಿಬಿಡದು. ಗಾಡಿ ಹಾರ್ತೈತೆ."

ತನ್ನ ಹಳೆಯ ಗಾಡಿಯದೊಂದು ಅವನ ಹತ್ತಿರವೇ ಇತ್ತು. ಐಸ್‌ಕ್ರೀಮ್ ಕೋನನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತದೆ. ನನ್ನ ಗಂಡ ಸುಮ್ಮನಿರುತ್ತಾನೆಯೇ? "ಹಾರುತ್ತೆ ಅನ್ನೋದು ಬಾಯಿಮಾತು. ಪರೀಕ್ಷೆ ಮಾಡೋಣ" ಅಂದ.

ಊರಾಚೆ ಮನೆಗಳಿನ್ನೂ ಏಳದ ಲೇಔಟಿನ ಖಾಲಿ ರಸ್ತೆ ಸಿಕ್ಕಿತು. ಈ ತುದಿಯಿಂದ ಆ ತುದಿಯ ಕಂಬಕ್ಕೆ ಗಾಡಿ ಎಷ್ಟು ಬೇಗ ಮುಟ್ಟುತ್ತದೆ ಅಂತ ಗಂಡ ಮೊಬೈಲಿನಲ್ಲಿ ನೋಡುವುದು. ಓಡಿಸುವವರು ಬದಲಾದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಎರಡು ಸಲವೂ ತಮ್ಮನೇ ಓಡಿಸಬೇಕು ಅಂತ ನಿಯಮ. ಮೊದಲು ಮಿರ್ಚಿ ಫಿಲ್ಟರಿನಲ್ಲಿ ಓಡಿಸಿದ. ಅಷ್ಟರಲ್ಲಿ ಅಮ್ಮನ ಫೋನು ಬಂತು, ಊಟಕ್ಕೆ ಬನ್ನಿ ಅಂತ. ಅಳಿಯ ಬಂದಿದ್ದಾನೆ ಅಂತ ಅಮ್ಮ ಹೋಳಿಗೆ ಮಾಡಿದ್ದಳು. ಉಂಡು, ಮನೆಯ ಅಂಗಳದಲ್ಲೇ ಕೋನ್ ಫಿಲ್ಟರ್ ಕೂರಿಸಿ, ಮತ್ತೆ ಲೇಔಟಿಗೆ ಹೋದೆವು.

ತಮ್ಮ ಗಾಡಿ ಎಬ್ಬಿಸಿದ. ಅಬ್ಬಾ, ಏನು ಸದ್ದು! ಡಬ್ಬಿ ಇಲ್ಲದೆ ಎಂಜಿನ್ನು ಗಾಳಿ ಎಳೆಯುವುದು ಗೂಳಿ ಗುಟುರು ಹಾಕಿದಂತೆ ಕೇಳಿಸುತ್ತಿತ್ತು. ನಾವೆಲ್ಲ ಗೆದ್ದೆವು ಅಂದುಕೊಂಡೆವು. ಕಂಬ ಮುಟ್ಟಿ ವಾಪಸ್ ಬಂದ. ಗಂಡ ಮೊಬೈಲನ್ನು ಎರಡು ಸಲ ನೋಡಿದ.

"ಮೊದಲಿಗಿಂತ ನಿಧಾನ ಆಗಿದೆ."

"ಸಾಧ್ಯನೇ ಇಲ್ಲ ಭಾವ! ಸೌಂಡ್ ಕೇಳಿದ್ರಲ್ಲ!"

"ಸೌಂಡ್ ಕೇಳಿದೆ. ಕಂಬ ಅಲ್ಲೇ ಇತ್ತು."

ಮನೆಗೆ ಬಂದ ಮೇಲೂ ಇಬ್ಬರೂ ಜಗಳ ಬಿಡಲಿಲ್ಲ. ನಿಧಾನ ಆಗಲು ಗಾಳಿ ಎದುರಿಗೆ ಬೀಸಿದ್ದು ಕಾರಣ ಅಂತ ಗಂಡ, ಕೋನ್ ಹಳೆಯದಾಗಿದ್ದು ಕಾರಣ ಅಂತ ತಮ್ಮ. ಅಮ್ಮ ಖಾಲಿ ಬುಟ್ಟಿ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಳು.

"ಗಾಡೀದೇನು ತಪ್ಪೈತ್ರೋ? ಸಂಜಿಗೆ ಅಂತ ಮಾಡಿಟ್ಟಿದ್ದ ಹೋಳಿಗೆ ಎಲ್ಲ ಹೊತ್ಕೊಂಡು ಓಡೈತೆ ಪಾಪ, ಅದರ ಮ್ಯಾಲೆ ಇವ್ನು ಬೇರೆ."

ಹಲವಾಗಲಿನ ಎಮ್ಮೆ

ನಾನು ಹರಪನಹಳ್ಳಿಗೆ ಬಂದಿದ್ದೇನೆ ಅಂತ ಗೊತ್ತಾಗಿ ಹಲವಾಗಲಿನಿಂದ ದೊಡ್ಡಮ್ಮ ಫೋನು ಮಾಡಿದಳು. ದನಿ ಬಿದ್ದುಹೋಗಿತ್ತು.

"ನಾಳೆ ಬಂದು ಒಂದ್ಸಲ ಎಮ್ಮೆ ನೋಡಿ ಹೋಗಮ್ಮ. ನಿಮ್ಮ ದೊಡ್ಡಪ್ಪ ಅದನ್ನ ಮಾರ್ತೀನಿ ಅಂತ ಕುಂತಾರೆ. ವ್ಯಾಪಾರಸ್ಥ ನಾಳೆನೇ ಬರ್ತಾನೆ."

ಆ ಎಮ್ಮೆ ನನಗೆ ಗೊತ್ತಿತ್ತು. ದೊಡ್ಡಮ್ಮ ಅದನ್ನು ಕರುವಿನಿಂದ ಸಾಕಿದವಳು. ಅದು ಗಬ್ಬ ಆಗುತ್ತಿರಲಿಲ್ಲ, ಅಷ್ಟೇ ಅದರ ತಪ್ಪು. ಗರ್ಭಕೋಶ ಸರಿ ಇದೆ ಅಂತ ನಾನೇ ಹಿಂದೆ ನೋಡಿ ಹೇಳಿದ್ದೆ. ತೊಂದರೆ ಇದ್ದದ್ದು ಬೆದೆ ಗುರುತಿಸುವುದರಲ್ಲಿ. ಹಸು ಬೆದೆಗೆ ಬಂದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ಕೆಲವು ಎಮ್ಮೆಗಳು ಬಾಯಿಯೇ ಬಿಡುವುದಿಲ್ಲ. ತಮ್ಮ ಪಾಡಿಗೆ ಮೆಲುಕು ಹಾಕುತ್ತಾ ನಿಂತಿರುತ್ತವೆ. ನಮಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇದು ಆ ಜಾತಿಯ ಮೂಕ ಎಮ್ಮೆ.

ಬೆಳಿಗ್ಗೆ ಅದೇ ಕೋನ್ ಫಿಲ್ಟರಿನಲ್ಲಿಯೇ ಹೊರಟೆ. ಬಿಚ್ಚಲು ಪುರುಸೊತ್ತು ಇರಲಿಲ್ಲ. ದೊಡ್ಡಮ್ಮನ ಮನೆಯ ಮುಂದೆ ಏರು, ಅಂಗಳಕ್ಕೆ ಹತ್ತಿಸಲು ಗಾಡಿಯ ಕಿವಿ ತುಸು ಜೋರಾಗಿಯೇ ತಿರುಚಿದೆ. ಗಾಡಿ ಗುಟುರು ಹಾಕಿತು.

ಗೋಡೆಯ ಹತ್ತಿರ ಕಟ್ಟಿದ್ದ ಎಮ್ಮೆ ತಲೆ ಎತ್ತಿತು. ಕಿವಿ ಮುಂದಕ್ಕೆ ಬಂದವು. ಕುತ್ತಿಗೆ ಚಾಚಿ, "ಅಂಯ್ಯ್..." ಅಂತ ಎಳೆದು ಕೂಗಿತು.

ಕಟ್ಟೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ ದೊಡ್ಡಪ್ಪ ಎದ್ದು ನಿಂತರು. "ಇದು ಕೂಗಿದ್ದು ನಾನು ಇವತ್ತೇ ಕೇಳಿದ್ದು!"

ನಾನು ಗಾಡಿ ಆರಿಸಿದೆ. ಎಮ್ಮೆ ಸುಮ್ಮನಾಯಿತು. ದೊಡ್ಡಪ್ಪ, "ಇನ್ನೊಂದ್ಸಲ ಮಾಡು" ಅಂದರು. ಮಾಡಿದೆ. ಎಮ್ಮೆ ಮತ್ತೆ ಕೂಗಿತು, ಹಗ್ಗ ಜಗ್ಗಿಕೊಂಡು ಗಾಡಿಯ ಕಡೆ ಎರಡು ಹೆಜ್ಜೆಯನ್ನೂ ಇಟ್ಟಿತು. ನನಗೂ ಕುತೂಹಲ ತಡೆಯಲಾಗಲಿಲ್ಲ. ಕೈ ತೊಳೆದು ಪರೀಕ್ಷೆ ಮಾಡಿದೆ. ಅನುಮಾನವೇ ಇಲ್ಲ, ಭರ್ತಿ ಬೆದೆ! ಕೂಡಲೇ ಅಲ್ಲಿಯ ಡಾಕ್ಟರಿಗೆ ಫೋನು ಮಾಡಿದೆ. ಪಾಪ, ಅವರು ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಸಾಮಾನು ತಗೊಂಡು ಬೇಗನೆ ಬಂದು ಕಟ್ಟಿಸುವ ಕೆಲಸ ಮುಗಿಸಿದರು.

ಅಷ್ಟರಲ್ಲಿ ವ್ಯಾಪಾರಸ್ಥ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದ. ಗಂಡನ ಜೊತೆ ಮಾತು ಬಿಟ್ಟಿದ್ದ ದೊಡ್ಡಮ್ಮನಿಗೆ ದನಿ ಮರಳಿ ಬಂದಿತ್ತು. "ಲಗ್ನದ ಮನೆಗೆ ಬಂದು ಹೆಣ್ಣಿನ ರೇಟು ಕೇಳ್ತೀಯೇನೋ? ನಡಿ, ನಡಿ!" ಅಂತ ಅವನನ್ನು ಬಾಗಿಲಿನಿಂದಲೇ ಅಟ್ಟಿದಳು. ದೊಡ್ಡಪ್ಪ ಒಳಗೆ ಹೋಗಿ ಎಮ್ಮೆಗೆ ಹಿಂಡಿ ಕಲಸಿಕೊಂಡು ಬಂದರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಓಣಿಯವರೆಲ್ಲ ನೋಡಿಬಿಟ್ಟಿದ್ದರು. "ನಮ್ಮ ಎಮ್ಮೆ ಮುಂದೆನೂ ಒಂದ್ಸಲ ಗಾಡಿ ಒದರಿಸಿ ಹೋಗ್ರಿ ಡಾಕ್ಟ್ರೇ" ಅಂತ ಸುತ್ತುವರಿದರು. ಬೆದೆಗೆ ಬಂದ ಎಮ್ಮೆಗೆ ಯಾವ ಸದ್ದಾದರೂ ಸಾಕು, ಇದು ಆಕಸ್ಮಿಕ, ಇದಕ್ಕೆ ಫಿಲ್ಟರ್ ಕಾರಣ ಅಲ್ಲ ಅಂತ ವಿವರಿಸಿದೆ. ಯಾರು ಕೇಳುತ್ತಾರೆ? ಬಿಡಿಸಿಕೊಳ್ಳಲು ಓಣಿಯುದ್ದಕ್ಕೂ ಒಂದೊಂದು ಮನೆಯ ಮುಂದೆ ಗುಟುರು ಹಾಕಿಸಿದೆ. ಒಂದು ಎಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದಿರಾ, ನಾನು ಹೇಳಲಿಲ್ಲವಾ ಅನ್ನುವಂತೆ ಎಲ್ಲರ ಮುಖ ನೋಡಿದೆ. ದೊಡ್ಡಪ್ಪ ಗಂಭೀರವಾಗಿ ತಲೆ ಅಲ್ಲಾಡಿಸಿದರು.

"ಸರಿಯಾಗೇ ಹೇಳ್ತು ಗಾಡಿ. ಅವ್ಯಾವೂ ಇವತ್ತು ಬೆದೆಗೆ ಬಂದಿಲ್ಲ."

ವಾಪಸ್ ಬಂದ ಮೇಲೆ ಕೂಡ್ಲಿಗಿಯ ಮೆಕ್ಯಾನಿಕ್ ಕೋನನ್ನು ಬಿಚ್ಚಿ, ಎಂಜಿನ್ನಿನ ಬಾಯೊಳಗೆ ಬೆರಳು ಆಡಿಸಿ ತೋರಿಸಿದ. ಬೆರಳ ತುದಿ ಕೆಂಪಗಾಗಿತ್ತು. ಗಾಳಿ ಜಾಸ್ತಿ ಬಿಡುವ ಆ ಕೋನ್ ನಮ್ಮ ಮಣ್ಣನ್ನೂ ಧಾರಾಳವಾಗಿ ಬಿಟ್ಟಿತ್ತು. ಕಂಪನಿಯ ಕಾಗದದ ಫಿಲ್ಟರನ್ನೇ ಹಾಕಿಸಿದೆ. ಸುಗ್ಗಿಗೊಮ್ಮೆ ಬದಲಾಯಿಸುತ್ತೇನೆ, ಗಾಡಿ ಸದ್ದಿಲ್ಲದೆ ಓಡುತ್ತದೆ. ಹಲವಾಗಲಿನ ಫೋನುಗಳು ಮಾತ್ರ ನಿಲ್ಲಲಿಲ್ಲ. "ನಾನು ನಾಳೆ ಬರ್ತೀನಿ" ಅಂದರೆ, "ನಿಮಗ್ಯಾಕೆ ತ್ರಾಸು, ಗಾಡಿ ಕಳಿಸಿಕೊಡ್ರಿ, ಸಾಕು" ಅನ್ನುತ್ತಾರೆ.

ಎಮ್ಮೆ ಗಬ್ಬ ನಿಂತಿತು. ದಿನ ತುಂಬುತ್ತಾ ಬಂದಂತೆ ನನಗೇ ಆತಂಕ, ದಿನಾ ಫೋನು ಮಾಡಿ ವಿಚಾರಿಸುತ್ತಿದ್ದೆ. ಕೊನೆಗೊಂದು ಮುಂಜಾನೆ ದೊಡ್ಡಮ್ಮನ ಫೋನು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಕರ ಹಾಕ್ತಮ್ಮ! ಹೆಣ್ಗರ!"

"ಎದ್ದು ನಿಂತಿದೆಯಾ ದೊಡ್ಡಮ್ಮ? ಹಾಲು ಕುಡೀತಾ?"

ಆಕೆ ಉತ್ತರಿಸುವ ಮೊದಲೇ ದೊಡ್ಡಪ್ಪ ಫೋನು ಕಸಿದುಕೊಂಡರು. ಹಿಂದೆ ಊರ ಮಂದಿ ನಗುವುದು ಕೇಳಿಸುತ್ತಿತ್ತು.

"ನಿಂತಿದೆಯಾ ಅಂತ ಕೇಳ್ತೀಯಲ್ಲೇ, ಅಂಗಳದ ತುಂಬ ಓಡ್ತೈತೆ ಕಣಮ್ಮ, ಕೈಗೇ ಸಿಗವಲ್ದು!" ಅಂದರು. "ಬಣ್ಣ ತಾಯೀದು. ಪಿಕಪ್ ಎಲ್ಲ ಅಪ್ಪಂದೇ!"